ಮಗುವಿನ ಓದಿಗೆ ಕಿವಿಗೊಡುವುದು ಹೇಗೆ?

ಮಗು ಪಾಠವನ್ನು ಗಡಗಡ ಓದಿ ಮುಗಿಸುತ್ತದೆ. ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನು?’ ಅಂದರೆ ಬಾಯಿ ಕಟ್ಟುತ್ತದೆ. ಅಂದರೆ ಅದು ಓದಿದ್ದಲ್ಲ, ಬಾಯಿಪಾಠ ಒಪ್ಪಿಸಿದ್ದು. ಅಕ್ಷರ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಮಗು ಎಲ್ಲಿ ತಡವರಿಸಿತು, ಯಾಕೆ ತಡವರಿಸಿತು ಅಂತ ಕೇಳಿಸಿಕೊಳ್ಳುವವರು ಕಮ್ಮಿ. ನನ್ನ ಪ್ರಕಾರ ಓದು ಕಲಿಸುವವರಿಗೆ ಮೊದಲು ಬೇಕಾದದ್ದು ಆ ಕಿವಿ. ಶಾಲೆಯಲ್ಲಿ ಕಲಿಸುವವರು, ಮನೆಪಾಠ ಹೇಳುವವರು, ಮೊಮ್ಮಗಳನ್ನು ಓದಿಗೆ ಕೂರಿಸಿಕೊಳ್ಳುವ ಅಜ್ಜ, ಎಲ್ಲರಿಗೂ ಈ ಮಾತು ಸಲ್ಲುತ್ತದೆ.

ಒಬ್ಬೊಬ್ಬರನ್ನೇ ಓದಿಸಿ

ಇಡೀ ಕ್ಲಾಸು ಒಟ್ಟಿಗೆ ಓದಿದರೆ ಯಾರಿಗೆ ಬರುತ್ತದೆ, ಯಾರು ಸುಮ್ನೆ ತುಟಿ ಆಡಿಸುತ್ತಿದ್ದಾರೆ ಗೊತ್ತಾಗುವುದಿಲ್ಲ. ದಿನಕ್ಕೆ ನಾಲ್ಕೈದು ಮಕ್ಕಳನ್ನು ಕರೆದು, ಎದುರಿಗಲ್ಲ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಪುಸ್ತಕ ಇಬ್ಬರಿಗೂ ಕಾಣಬೇಕಲ್ವಾ? ಮಗು ಹಿಂದೆ ಓದಿರದ ಪುಟ ಕೊಡಿ, ಚಿತ್ರವನ್ನು ಕೈಯಿಂದ ಮುಚ್ಚಿ.

ಹಳ್ಳಿ ಮಕ್ಕಳ ಓದು-ಲೆಕ್ಕ ನೋಡಲು 2005ರಲ್ಲಿ ಶುರುವಾದ ‘ಅಸರ್’ ಸಮೀಕ್ಷೆಯ ದಾರಿಯೂ ಇದೇ. ಅಕ್ಷರ, ಪದ, ಒಂದನೇ ಕ್ಲಾಸಿನ ಮಟ್ಟದ ಪ್ಯಾರಾ, ಎರಡನೇ ಕ್ಲಾಸಿನ ಮಟ್ಟದ ಕಥೆ, ಇಷ್ಟನ್ನು ಒಂದೊಂದೇ ಮಗುವಿನ ಹತ್ತಿರ ಓದಿಸುತ್ತಾರೆ. ಇಂಥ ಹಾಳೆಯನ್ನು ನೀವೇ ಬರೆದಿಟ್ಟುಕೊಳ್ಳಬಹುದು. ಮಗು ಎಲ್ಲಿ ನಿಂತಿತೋ ಅಲ್ಲಿಂದ ಪಾಠ ಶುರು ಮಾಡಿ. ಮೂರನೇ ಕ್ಲಾಸಿನ ಹುಡುಗ ಇನ್ನೂ ಪದದಲ್ಲೇ ಇದ್ದರೆ ಮೂರನೇ ಕ್ಲಾಸಿನ ಪುಸ್ತಕ ಬಿಡಿಸಿ ಕೂರಿಸಿ ಏನೂ ಉಪಯೋಗವಿಲ್ಲ.

ಎಲ್ಲ ತಪ್ಪೂ ಒಂದೇ ಅಲ್ಲ

ಪುಸ್ತಕದಲ್ಲಿ ‘ಕೋತಿ ಮರದ ಮೇಲೆ ಕುಣಿಯುತ್ತದೆ’ ಅಂತಿದೆ ಅಂದುಕೊಳ್ಳಿ. ಒಂದು ಮಗು ‘ಕೊತಿ ಮರದ ಮೆಲೆ’ ಅನ್ನುತ್ತದೆ. ಇನ್ನೊಂದು ‘ಕೋತಿ ವರದ ವೇಲೆ’ ಅನ್ನುತ್ತದೆ. ಮೂರನೆಯದು ಎಲ್ಲ ಸರಿಯಾಗಿ ಓದಿ ಕೊನೆಗೆ ‘ಕುಣಿಯುತ್ತೆ’ ಅಂತ ಮುಗಿಸುತ್ತದೆ. ಮೂರಕ್ಕೂ ‘ತಪ್ಪು, ಇನ್ನೊಂದ್ಸಲ ಓದು’ ಅಂದರೆ ಯಾರಿಗೂ ಪ್ರಯೋಜನವಿಲ್ಲ. ಮೊದಲನೆಯದಕ್ಕೆ ದೀರ್ಘದ ಗುರುತು ಕಣ್ಣಿಗೆ ಬಿದ್ದಿಲ್ಲ. ಎರಡನೆಯದು ಮ ಮತ್ತು ವ ಬೆರೆಸಿಕೊಂಡಿದೆ. ಮೂರನೆಯದಕ್ಕೆ ಓದಿದ್ದು ಅರ್ಥವಾಗಿದೆ, ಅದಕ್ಕೇ ತನ್ನ ಮಾತಿನಲ್ಲಿ ಹೇಳಿತು. ಅದನ್ನು ನಡುವೆ ತಡೆಯಬೇಡಿ. ಮಂಡ್ಯದ ಕಡೆಯ ಮಗು ‘ಹಾಲು’ ನೋಡಿ ‘ಆಲು’ ಅಂದರೂ ಅಷ್ಟೇ. ಅದು ನಾಲಿಗೆಯ ರೂಢಿ, ಓದಿನ ದೋಷವಲ್ಲ. ಉಚ್ಚಾರಣೆಯನ್ನು ಬೇರೆ ಹೊತ್ತಿನಲ್ಲಿ ತಿದ್ದಬಹುದು.

ಮಗು ನಿಂತುಬಿಟ್ಟರೆ ಮನಸ್ಸಲ್ಲೇ ಐದರವರೆಗೆ ಎಣಿಸಿ. ಹಿಂದಿನ ಬೆಂಚಿನಿಂದ ‘ಮಿಸ್, ನಾನ್ ಹೇಳ್ಲಾ?’ ಅಂತ ಕೂಗು ಬಂದೇ ಬರುತ್ತದೆ. ಕೈಸನ್ನೆ ಮಾಡಿ ಸುಮ್ಮನಿರಿಸಿ. ಎಷ್ಟೋ ಸಲ ಮಗು ತಾನೇ ಬಿಡಿಸಿಕೊಳ್ಳುತ್ತದೆ. ಆಗಲೇ ಇಲ್ಲ ಅಂದರೆ ಪದ ಹೇಳಿ, ಮುಂದೆ ಸಾಗಿ.

ವರ್ಣಮಾಲೆ ಮುಗಿಯಲಿ ಅಂತ ಕಾಯಬೇಡಿ

ಅ ಆ ಇ ಈಯಿಂದ ಹಿಡಿದು 49 ಅಕ್ಷರ ಮುಗಿಸಿ, ಆಮೇಲೆ ಪದ ಅನ್ನುವುದು ಹಳೇ ಪದ್ಧತಿ. ಅಷ್ಟರಲ್ಲಿ ಮಗುವಿಗೆ ಬೇಜಾರು ಹತ್ತಿರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ‘ನಲಿ-ಕಲಿ’ ಕಲಿಕಾ ಪದ್ಧತಿಯಲ್ಲಿ ರ, ಗ, ಸ, ದ, ಅ ಮೊದಲು ಬರುತ್ತವೆ. ಐದೇ ಅಕ್ಷರ. ಆದರೆ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಓದಬಹುದು! ಮೊದಲ ವಾರಗಳಲ್ಲೇ ‘ನಂಗೆ ಓದಕ್ಕೆ ಬರುತ್ತೆ’ ಅನ್ನುವ ಧೈರ್ಯ ಮಗುವಿಗೆ ಬರುತ್ತದೆ.

ಕಾಗುಣಿತದಲ್ಲಿ ನಿಧಾನ

ಹೆಚ್ಚಿನ ಮಕ್ಕಳು ಸಿಕ್ಕಿಬೀಳುವುದು ಇಲ್ಲೇ. 34 ವ್ಯಂಜನ, ಒಂದೊಂದಕ್ಕೂ 15 ರೂಪ, ಒಟ್ಟು 510. ‘ಕ ಕಾ ಕಿ ಕೀ’ ರಾಗವಾಗಿ ಹೇಳಿಸುವುದು ತಪ್ಪಲ್ಲ. ಆದರೆ ರಾಗ ಬಂದ ಮಗುವಿಗೆ ‘ಕೊ’ ಒಂದನ್ನೇ ತೋರಿಸಿದರೆ ಅದು ಮತ್ತೆ ‘ಕ’ದಿಂದ ಹಾಡಿಕೊಂಡು ಬರಬೇಕಾಗುತ್ತದೆ. ಹಾಗಾಗಿ ‘ಕ ಕಾ ಕಿ ಕೀ’ ಅಂತ ಸಾಲು ಹಿಡಿದು ಹೋಗುವುದನ್ನು ಬಿಡಿ, ಒಂದು ಸಲಕ್ಕೆ ಒಂದೇ ಗುರುತು ತೆಗೆದುಕೊಳ್ಳಿ. ಒಂದು ವಾರ ಇಳಿ ಮಾತ್ರ: ರಾ, ಗಾ, ಸಾ, ದಾ. ಪದಗಳು ರಾಗ, ದಾರ, ಸಾಗರ. ಆಮೇಲೆ ಗುಡಿಸು, ಆಮೇಲೆ ಕೊಂಬು.

ಹ್ರಸ್ವ-ದೀರ್ಘಕ್ಕೆ ಜೋಡಿ ಪದಗಳಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಬೋರ್ಡಿನ ಮೇಲೆ ‘ಕರು’, ‘ಕಾರು’ ಬರೆದು ‘ಹಸುವಿನ ಹಿಂದೆ ಓಡೋದು ಯಾವುದು?’ ಅಂತ ಕೇಳಿ. ಬಿಡು–ಬೀಡು, ಕೊಡು–ಕೋಡು ಕೂಡ ಹೀಗೇ. ಗುರುತು ತಪ್ಪಿದರೆ ಅರ್ಥವೇ ಬದಲಾಗುತ್ತದೆ ಅಂತ ಮಗುವಿಗೆ ತಾನಾಗಿ ಹೊಳೆಯುತ್ತದೆ.

ವಾಕ್ಯ ಓದುವಾಗಲೂ ‘ಕ ಕೊಂಬು ಕು’ ಅಂತ ಬಿಡಿಸುತ್ತಿದ್ದರೆ ಕೊನೆಗೆ ಬರುವಷ್ಟರಲ್ಲಿ ಶುರುವಾದದ್ದೇ ಮರೆತಿರುತ್ತದೆ. ಮೊದಲ ಸಲ ಬಿಡಿಸಿಕೊಂಡು ಓದಲಿ. ಅದೇ ವಾಕ್ಯವನ್ನು ಎರಡನೇ ಸಲ ಮಾತಾಡಿದ ಹಾಗೆ ಓದಿಸಿ.

ಒತ್ತಕ್ಷರವನ್ನು ಅಕ್ಕ, ಅಪ್ಪದಿಂದ ಶುರು ಮಾಡಿ, ಒತ್ತು ಹೆಚ್ಚುಕಮ್ಮಿ ಅಕ್ಷರದ ಹಾಗೇ ಕಾಣುತ್ತದೆ. ತ, ನ, ಮ, ಯ, ರ, ಲ ಒತ್ತುಗಳಿಗೆ ಬೇರೆಯೇ ಆಕಾರ, ಅವಕ್ಕೆ ಪ್ರತ್ಯೇಕ ದಿನ ಕೊಡಿ. ಅರ್ಕಾವತ್ತು ಕೊನೆಗಿರಲಿ. ‘ಕರ್ನಾಟಕ’ದಲ್ಲಿ ಕಣ್ಣಿಗೆ ‘ನಾ’ ಮೊದಲು ಕಾಣುತ್ತದೆ, ಬಾಯಲ್ಲಿ ‘ರ್’ ಮೊದಲು ಬರಬೇಕು. ಮಕ್ಕಳು ‘ಕನಾರ್ಟಕ’ ಅಂದರೆ ನಗಬೇಡಿ, ಅವರು ಕಂಡದ್ದನ್ನೇ ಓದುತ್ತಿದ್ದಾರೆ.

ನೀವೂ ಓದಿ ಹೇಳಿ

ದಿನಕ್ಕೆ ಹತ್ತು ನಿಮಿಷ ನೀವೇ ಒಂದು ಕಥೆ ಓದಿ. ‘ಇದರ ನೀತಿ ಏನು?’ ಅಂತ ಮಾತ್ರ ಕೇಳಬೇಡಿ, ‘ಮುಂದೇನಾಗಬಹುದು?’ ಅಂತ ಕೇಳಿ. ಪುಸ್ತಕ ಇಲ್ಲದಿದ್ದರೆ ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಕಥೆಗಳು ಪುಕ್ಕಟೆ ಸಿಗುತ್ತವೆ. ಮಟ್ಟವನ್ನೂ ನಮೂದಿಸಿರುತ್ತಾರೆ.

ಇಷ್ಟು ಮಾಡಿಯೂ ಓದು ಹಿಡಿಯದ ಮಕ್ಕಳಿರುತ್ತಾರೆ. ಸೋಮಾರಿ ಅನ್ನುವ ಮುಂಚೆ ಕಣ್ಣು, ಕಿವಿ ತೋರಿಸಲು ಮನೆಯವರಿಗೆ ಹೇಳಿ. ಪುಸ್ತಕವನ್ನು ಮೂಗಿಗೆ ಹಿಡಿಯುವ ಮಗುವಿಗೆ ಎಷ್ಟೋ ಸಲ ಬೇಕಿರುವುದು ಕನ್ನಡಕ. ಎರಡೂ ಸರಿಯಿದ್ದು, ಮಾತಿನಲ್ಲಿ ಚುರುಕಾಗಿದ್ದು, ಮೂರನೇ ಕ್ಲಾಸಿಗೆ ಬಂದರೂ ಅಕ್ಷರ ಕಲಸಿಹೋಗುತ್ತಿದ್ದರೆ ಕಲಿಕೆಯ ತೊಂದರೆ ಇರಬಹುದು. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ಪರೀಕ್ಷೆ ಮಾಡುತ್ತಾರೆ. ಹೋಗುವಾಗ ಮಗುವಿನ ಈ ವರ್ಷದ ಮತ್ತು ಹೋದ ವರ್ಷದ ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಹೋಗಲು ಅಪ್ಪ-ಅಮ್ಮನಿಗೆ ಹೇಳಿ.