ಚಾಮರಾಜಪೇಟೆಯ ನಮ್ಮ ಡಿಟಿಪಿ ಅಂಗಡಿಯಲ್ಲಿ ಎನ್‌ಎಫ್‌ಎಸ್ ಕೊನೆಗೂ ನೆಲೆನಿಂತದ್ದು

ಪೆನ್‌ಡ್ರೈವ್‌ನಲ್ಲಿ ಫೈಲ್ ಓಡಾಡಿಸಿ ಒಂದು ಮದುವೆ ಕಾರ್ಡು ಕೈಕೊಟ್ಟಿತು. ಕಲ್ಯಾಣ ಮಂಟಪ ಬದಲಾಗಿತ್ತು. ತಿದ್ದಿದ ಫೈಲ್ ಕೆಳಗಿನ ಮಷೀನಿನಲ್ಲಿತ್ತು, ಪ್ರೆಸ್‌ಗೆ ಹೋದದ್ದು ಮೇಲಿನ ಮಷೀನಿನ ಹಳೇ ಫೈಲು. 400 ಕಾರ್ಡು ರದ್ದಿಗೆ, ಸುಮಾರು ಏಳು ಸಾವಿರ ನಷ್ಟ. ಎಲ್ಲ ಫೈಲೂ ಒಂದೇ ಕಡೆ ಇರಬೇಕು ಅಂತ ಅವತ್ತೇ ತೀರ್ಮಾನಿಸಿದೆ. ಅದಕ್ಕೆ ಆರಿಸಿಕೊಂಡದ್ದು ಎನ್‌ಎಫ್‌ಎಸ್, ಅಂದರೆ ಒಂದು ಮಷೀನಿನ (ಸರ್ವರಿನ) ಫೋಲ್ಡರನ್ನು ಉಳಿದ ಮಷೀನುಗಳು ನೆಟ್‌ವರ್ಕಿನಲ್ಲಿ ತಮ್ಮದೇ ಎಂಬಂತೆ ಬಳಸುವ ವ್ಯವಸ್ಥೆ.

ನಮ್ಮದು ಕೆಳಗೆ ಅಂಗಡಿ, ಮೇಲೆ ಮನೆ. ಐದು ಮಷೀನು, ಐದರಲ್ಲೂ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಂ. ಎಲ್ಲವೂ ಎಸ್.ಪಿ. ರೋಡಿನ ಸೆಕೆಂಡ್ ಹ್ಯಾಂಡ್ ಮಾಲು, ಒಂದೊಂದಕ್ಕೆ ಹನ್ನೊಂದು ಸಾವಿರದ ಆಸುಪಾಸು. ಸರ್ವಿಸ್ ಹುಡುಗನನ್ನು ಕೇಳಿದರೆ, "ಸಾರ್, ಸುಮ್ನೆ ಒಂದು ನ್ಯಾಸ್ ತಗೊಂಡ್ಬಿಡಿ, ಡಿಸ್ಕ್ ಸೇರಿ 35 ಸಾವಿರದಲ್ಲಿ ಮುಗಿಯುತ್ತೆ" ಅಂದ. ನ್ಯಾಸ್ ಅಂದರೆ ನೆಟ್‌ವರ್ಕಿಗೆ ಚುಚ್ಚುವ ರೆಡಿಮೇಡ್ ಡಿಸ್ಕ್ ಪೆಟ್ಟಿಗೆ. ಭಾವ ವಿಜಯನಗರದಲ್ಲಿ ಇದೇ ಕೆಲಸ ಮಾಡುತ್ತಾರೆ. ಅವರದು ಒಂದೇ ಮಾತು: "ಸಾಂಬಾ ಹಾಕಪ್ಪಾ, ಎನ್‌ಎಫ್‌ಎಸ್ ಎಲ್ಲ ದೊಡ್ಡ ಕಂಪನಿಗಳಿಗೆ." ಸಾಂಬಾ ವಿಂಡೋಸ್ ರೀತಿಯಲ್ಲಿ ಫೈಲ್ ಹಂಚುವ ಸಾಫ್ಟ್‌ವೇರ್. ಒಂದೂ ವಿಂಡೋಸ್ ಇಲ್ಲದ ಮನೆಯಲ್ಲಿ ವಿಂಡೋಸ್ ಭಾಷೆ ಯಾಕೆ ಆಡಬೇಕು? ಎನ್‌ಎಫ್‌ಎಸ್ 1984ರಿಂದ ಲಿನಕ್ಸಿನ ಹಿರಿಯಣ್ಣ ಯುನಿಕ್ಸ್‌ನ ಮಂದಿಯದೇ ಸ್ವತ್ತು. ನಾನು ಹಟ ಹಿಡಿದೆ. ಒಂದು ವಾರದ ಕೆಲಸ ಅಂದುಕೊಂಡಿದ್ದು ಹತ್ತಿರ ಹತ್ತಿರ ಮೂರು ತಿಂಗಳು ತಿಂದಿತು.

ಮೊದಲ ಪೆಟ್ಟು ಒಂದು ಸ್ಪೇಸ್‌ನಿಂದ ಬಿತ್ತು. ಯಾವ ಫೋಲ್ಡರ್ ಯಾರಿಗೆ ಅಂತ ಸರ್ವರಿಗೆ ಹೇಳುವ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ನಮ್ಮ ನೆಟ್‌ವರ್ಕಿನ ವಿಳಾಸ 192.168.1.0/24 ಅಂತ ಬರೆದು, ನೋಡೋಕೆ ಚೆನ್ನಾಗಿರಲಿ ಅಂತ ಒಂದು ಸ್ಪೇಸ್ ಬಿಟ್ಟು, ಆಮೇಲೆ ಬ್ರಾಕೆಟ್ಟಿನಲ್ಲಿ ಆರ್‌ಡಬ್ಲ್ಯೂ (ಓದಬಹುದು, ಬರೆಯಬಹುದು) ಹಾಕಿದ್ದೆ. ಮೌಂಟ್ ಆಯಿತು, ಅಂದರೆ ಸರ್ವರಿನ ಫೋಲ್ಡರ್ ನನ್ನ ಮಷೀನಿಗೆ ಜೋಡಿಸಿಕೊಂಡಿತು, ಫೈಲುಗಳೂ ಕಂಡವು. ಸೇವ್ ಮಾಡಹೋದರೆ 'ರೀಡ್ ಓನ್ಲಿ'. ಡಿಸ್ಕ್ ಹೋಗಿದೆ ಅಂತ ರಾತ್ರಿಯಿಡೀ ಡಿಸ್ಕ್ ಪರೀಕ್ಷಿಸುವ ಎಫ್‌ಎಸ್‌ಸಿಕೆ ಓಡಿಸಿದೆ. ಡಿಸ್ಕ್ ಗುಂಡುಕಲ್ಲಿನ ಹಾಗಿತ್ತು. ಮಾರನೇ ದಿನ ಎಲ್ಲ ಫೋಲ್ಡರಿಗೂ 777 (ಯಾರು ಏನು ಬೇಕಾದರೂ ಮಾಡಬಹುದು) ಕೊಟ್ಟೆ, ಹೇಳಿಕೊಳ್ಳೋಕೆ ನಾಚಿಕೆ. ಆ ಸ್ಪೇಸ್ ಇದ್ದರೆ ಅರ್ಥವೇ ಬೇರೆ. ನಮ್ಮ ನೆಟ್‌ವರ್ಕಿಗೆ ಯಾವ ಆಪ್ಷನ್ನೂ ಇಲ್ಲ, ಅಂದರೆ ಓದೋಕೆ ಮಾತ್ರ. ಬ್ರಾಕೆಟ್ಟಿನಲ್ಲಿರುವುದು ಊರಿಗೆಲ್ಲ. ಮನೆಯವರನ್ನು ಹೊರಗೆ ನಿಲ್ಲಿಸಿ ದಾರಿಹೋಕರಿಗೆ ಬಾಗಿಲು ತೆಗೆದಿದ್ದೆ! ಆ ಫೈಲನ್ನು ಜಾರಿಗೆ ತರುವ ಎಕ್ಸ್‌ಪೋರ್ಟ್‌ಎಫ್‌ಎಸ್ ಕಮಾಂಡ್ ಪ್ರತಿ ಸಲ 'ನೋ ಆಪ್ಷನ್ಸ್' ಅಂತ ಗೊಣಗುತ್ತಲೇ ಇತ್ತು. ಎರರ್ ಅಲ್ಲವಲ್ಲ, ವಾರ್ನಿಂಗ್ ತಾನೇ ಅಂತ ನಾನೇ ಓದಿರಲಿಲ್ಲ.

ಆಮೇಲೆ ಯುಐಡಿ ಗೋಳು. ಯುಐಡಿ ಅಂದರೆ ಮಷೀನು ಪ್ರತಿ ಬಳಕೆದಾರರಿಗೆ ಕೊಡುವ ನಂಬರ್, ಫೈಲ್ ಯಾರದು ಅಂತ ಎನ್‌ಎಫ್‌ಎಸ್ ನೋಡುವುದು ಅದರಿಂದಲೇ. ನನ್ನ ಮಷೀನಿನಲ್ಲಿ ನಾನು 1000. ಹೆಂಡತಿಯ ಮಷೀನಿನಲ್ಲಿ ಸರ್ವಿಸ್ ಹುಡುಗ 'ಅಡ್ಮಿನ್' ಅಂತ ಮೊದಲು ಒಂದು ಖಾತೆ ಮಾಡಿದ್ದರಿಂದ ಅವಳು 1001. ಆಲ್ ಸ್ಕ್ವ್ಯಾಶ್ ಹಾಕಿ ಎಲ್ಲರನ್ನೂ ಒಬ್ಬರನ್ನಾಗಿ ಮಾಡಿ ನೋಡಿದೆ. ಕೆಲಸವೇನೋ ಆಗುತ್ತದೆ, ಆದರೆ ಫೈಲ್ ಕೆಡಿಸಿದ್ದು ಯಾರು ಅಂತ ಗೊತ್ತಾಗುವುದಿಲ್ಲ. ಕೂತು ಪ್ರತಿಯೊಬ್ಬರಿಗೂ ಐದೂ ಮಷೀನಿನಲ್ಲಿ ಅವರವರ ನಂಬರ್ ಒಂದೇ ಇರುವಂತೆ ಮಾಡಿದೆ. ಅರ್ಧ ದಿನ ಹೋಯಿತು, ಆದರೆ ಆ ತಲೆನೋವು ಮತ್ತೆ ಬಂದಿಲ್ಲ.

ನಿಜವಾಗಿ ಅಳಿಸಿದ್ದು ಮೇಲಿನ ಮಹಡಿ. ಅಲ್ಲಿಂದ ಸರ್ವರಿಗೆ ಪಿಂಗ್ ಹೋಗುತ್ತದೆ, ಅಂದರೆ ದಾರಿ ಇದೆ, ಮೌಂಟ್ ಮಾಡಿದರೆ 'ಆಪರೇಷನ್ ನಾಟ್ ಪರ್ಮಿಟೆಡ್'. ಫೈರ್‌ವಾಲ್ ಪೂರ್ತಿ ತೆಗೆದೆ. ಮಿಂಟ್ ಹೊಸದಾಗಿ ಹಾಕಿದೆ. ಸರ್ವಿಸ್‌ನವನನ್ನು ಎರಡು ಸಲ ಕರೆಸಿದೆ, ಸಲಕ್ಕೆ 500. ಅವನು ಎರಡು ಸಲವೂ ನ್ಯಾಸ್ ಅಂದ. ಒಂದು ರಾತ್ರಿ ಸುಮ್ಮನೆ ಮೇಲಿನ ಮಷೀನಿನ ಐಪಿ (ನೆಟ್‌ವರ್ಕ್ ವಿಳಾಸ) ನೋಡಿದರೆ 192.168.1 ಅಲ್ಲ, 192.168.0 ರಿಂದ ಶುರು! ವೈಫೈ ಸಿಗಲಿ ಅಂತ ಹಿಂದೆ ಮೇಲೊಂದು ರೌಟರ್ ಇಟ್ಟಿದ್ದೆ. ಅದು ತನ್ನದೇ ಬೇರೆ ನೆಟ್‌ವರ್ಕಿನ ಸಂಸಾರ ಹೂಡಿತ್ತು. ಅದರ ಹಿಂದಿರುವ ಮಷೀನಿನ ಪೋರ್ಟ್ ನಂಬರನ್ನು, ಅಂದರೆ ಸಂಪರ್ಕ ಹೊರಡುವ ಬಾಗಿಲಿನ ನಂಬರನ್ನು, ಬದಲಿಸಿ ಕಳಿಸುತ್ತಿತ್ತು. ಎನ್‌ಎಫ್‌ಎಸ್ ಸರ್ವರ್ ತಾನಾಗಿ ಬಿಡುವುದು 1024ಕ್ಕಿಂತ ಕೆಳಗಿನ ಪೋರ್ಟಿನಿಂದ ಬಂದವರನ್ನು ಮಾತ್ರ. ಇನ್‌ಸೆಕ್ಯೂರ್ ಅನ್ನುವ ಆಪ್ಷನ್ ಹಾಕಿದ ತಕ್ಷಣ ಮೌಂಟ್ ಆಯಿತು. ಖುಷಿಗೆ ಆ ರಾತ್ರಿಯೇ ಕಾಫಿ ಮಾಡಿಕೊಂಡು ಕುಡಿದೆ. ಆದರೆ ಅದು ತೇಪೆ ಅಷ್ಟೇ. ಬೆಳಿಗ್ಗೆ ಮೇಲಿನ ರೌಟರಿನಲ್ಲಿ ಐಪಿ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ಹೊರಗಿನ ನೆಟ್‌ವರ್ಕಿನ ವ್ಯಾನ್ ಪೋರ್ಟಿನಿಂದ ಕಿತ್ತು ಒಳಗಿನ ನೆಟ್‌ವರ್ಕಿನ ಲ್ಯಾನ್ ಪೋರ್ಟಿಗೆ ಚುಚ್ಚಿದೆ. ಇನ್‌ಸೆಕ್ಯೂರ್ ತೆಗೆದುಹಾಕಿದೆ. ಹತ್ತು ನಿಮಿಷದ ಕೆಲಸಕ್ಕೆ ಮೂರು ವಾರ!

ಆಮೇಲೂ ಮೇಲಿನ ಮಷೀನಿಗೆ ಸೆಕೆಂಡಿಗೆ 11 ಎಂಬಿಗಿಂತ ಜಾಸ್ತಿ ಬರುತ್ತಿರಲಿಲ್ಲ. ಈ 11 ಕಂಡರೆ ಎನ್‌ಎಫ್‌ಎಸ್ ಸೆಟ್ಟಿಂಗ್ ಮುಟ್ಟಬೇಡಿ, ಕೇಬಲ್ ನೋಡಿ. ಲೈನಿನ ವೇಗ ಹೇಳುವ ಈಥ್‌ಟೂಲ್ 1000 ಮೆಗಾಬಿಟ್ (ಗಿಗಾಬಿಟ್) ಬದಲು 100 ಅಂತ ತೋರಿಸಿತು. ಅಟ್ಟದ ಮೇಲೆ ಇಲಿ ಎರಡು ತಂತಿ ಕಡಿದಿತ್ತು. ಕೇಬಲಿನೊಳಗಿನ ನಾಲ್ಕು ಜೋಡಿ ತಂತಿಯೂ ಸರಿಯಿದ್ದರೆ ಮಾತ್ರ ಗಿಗಾಬಿಟ್ ಓಡುವುದು ಅಲ್ವಾ. ಹೊಸ ಕ್ಯಾಟ್ 6 ಕೇಬಲ್ ಎಳೆಸಿದೆ, 105 ಎಂಬಿ ಮುಟ್ಟಿತು.

ಕರೆಂಟಿನ ವಿಷಯ. ಇನ್ವರ್ಟರ್ ಲೈನ್ ಮೇಲಿನ ಮಹಡಿಗೆ ಮಾತ್ರ ಇದೆ. ಸರ್ವರ್ ಇರುವುದು ಮೆಟ್ಟಿಲ ಕೆಳಗೆ. ಕರೆಂಟ್ ಹೋದರೆ ಸರ್ವರ್ ಸಾಯುತ್ತಿತ್ತು, ಮೇಲಿನವರ ಸ್ಕ್ರೀನ್ ಕಲ್ಲಾಗುತ್ತಿತ್ತು. "ರೀ, ಮೌಸ್ ಬಿಟ್ಟು ಏನೂ ಅಲ್ಲಾಡ್ತಿಲ್ಲ" ಅಂತ ಹೆಂಡತಿ ಮೇಲಿನಿಂದ ಕೂಗುತ್ತಿದ್ದಳು. ಸರ್ವರ್ ಮರಳುವವರೆಗೂ ಕಾಯುವ ಹಾರ್ಡ್ ಮೌಂಟ್ ತೆಗೆದು, ಸ್ವಲ್ಪ ಹೊತ್ತು ನೋಡಿ ಕೈಬಿಡುವ ಸಾಫ್ಟ್ ಮೌಂಟ್ ಹಾಕಿದೆ. ಸ್ಕ್ರೀನ್ ನಿಲ್ಲುವುದು ತಪ್ಪಿತು. ಆದರೆ ಸೇವ್ ಆಗುತ್ತಿದ್ದಾಗ ಕರೆಂಟ್ ಹೋಗಿ 240 ಪುಟದ ಪುಸ್ತಕದ ಸ್ಕ್ರೈಬಸ್ (ಪುಟವಿನ್ಯಾಸದ ಸಾಫ್ಟ್‌ವೇರ್) ಫೈಲ್ ಅರ್ಧಕ್ಕೆ ತುಂಡಾಯಿತು. ಎರಡು ದಿನದ ಪ್ರೂಫ್ ತಿದ್ದುಪಡಿ ನೀರಿಗೆ ಹೋಯಿತು. ಬರೆಯುವ ಫೋಲ್ಡರಿಗೆ ಸಾಫ್ಟ್ ಹಾಕಬೇಡಿ, ಯಾರು ಏನೇ ಹೇಳಲಿ. ಈಗ ಹಾರ್ಡೇ ಇದೆ, ಮೌಂಟ್‌ಗಳ ಪಟ್ಟಿ ಇರುವ ಎಫ್‌ಸ್ಟ್ಯಾಬ್ ಫೈಲಿನಲ್ಲಿ ಸಿಸ್ಟಂಡಿಯ ಆಟೋಮೌಂಟ್ (ಫೋಲ್ಡರ್ ಮುಟ್ಟಿದಾಗಲೇ ಮೌಂಟ್) ಮತ್ತು ನೋಫೇಲ್ (ಸರ್ವರ್ ಸಿಗದಿದ್ದರೂ ಮಷೀನು ಶುರುವಾಗಲಿ) ಸೇರಿಸಿದ್ದೇನೆ. ಸರ್ವರ್, ಸ್ವಿಚ್, ಕೆಳಗಿನ ರೌಟರ್ ಮೂರಕ್ಕೂ ಒಂದು ಯುಪಿಎಸ್ ಇದೆ. ಬಯಾಸ್‌ನಲ್ಲಿ ಕರೆಂಟ್ ಬಂದಾಗ ತಾನೇ ಆನ್ ಆಗುವ ಸೆಟ್ಟಿಂಗ್ ಇರುತ್ತದೆ, ಮರೆಯಬೇಡಿ.

ಇನ್ನೊಂದು ತಮಾಷೆ ಕೇಳಿ. ಒಂದೇ ಫೋಲ್ಡರಿನಲ್ಲಿ 'ಕವರ್ 3' ಅಂತ ಎರಡು ಫೈಲು! ಅಕ್ಷರಕ್ಕೆ ಅಕ್ಷರ ಒಂದೇ. ಕ್ಯಾಶ್ (ಮಷೀನು ನೆನಪಿಟ್ಟುಕೊಂಡ ಫೈಲ್ ವಿವರ) ದೋಷ ಅಂತ, ಅದನ್ನು ನಿಲ್ಲಿಸುವ ನೋಎಸಿ ಆಪ್ಷನ್ ಹಾಕಿದೆ. ಸಾವಿರ ಫೋಟೋ ಇರುವ ಫೋಲ್ಡರ್ ತೆರೆಯುವಷ್ಟರಲ್ಲಿ ಒಂದು ಬೈ-ಟು ಕಾಫಿ ಮುಗಿಯುತ್ತಿತ್ತು. ಕೊನೆಗೆ ಹೆಸರನ್ನೇ, ಅಕ್ಷರಗಳ ಹಿಂದಿನ ಬೈಟುಗಳನ್ನು ತೋರಿಸುವ ಹೆಕ್ಸ್‌ಡಂಪಿಗೆ ಕೊಟ್ಟೆ. ಒಂದರಲ್ಲಿ ರ್ ಆದಮೇಲೆ ಇ2 80 8ಸಿ ಅಂತ ಮೂರು ಬೈಟ್ ಜಾಸ್ತಿ ಇತ್ತು. ಅಕ್ಷರಗಳು ಒಂದಕ್ಕೊಂದು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್ ಅದು. ಗಿರಾಕಿ ಮೊಬೈಲಿನಲ್ಲಿ ಹೆಸರಿಟ್ಟು ಕಳಿಸಿದ್ದ ಫೈಲು. ಎನ್‌ಎಫ್‌ಎಸ್‌ದು ಏನೂ ತಪ್ಪಿರಲಿಲ್ಲ. ಇದೇ ಜಾಡು ಹಿಡಿದು ಇನ್ನೊಂದೂ ಬಗೆಹರಿಯಿತು. ಗಿರಾಕಿಗಳ ಪೆನ್‌ಡ್ರೈವಿನ ಕೆಲವು ಫೈಲ್ 'ನೇಮ್ ಟೂ ಲಾಂಗ್' ಅಂತ ಕಾಪಿಯೇ ಆಗುತ್ತಿರಲಿಲ್ಲ. ಸರ್ವರ್ ಡಿಸ್ಕಿನ ಫಾರ್ಮ್ಯಾಟ್ ಇಎಕ್ಸ್‌ಟಿ4ರಲ್ಲಿ ಹೆಸರಿಗೆ ಹೆಚ್ಚೆಂದರೆ 255 ಬೈಟ್. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್. ಶ್ರೀ ಒಂದಕ್ಕೇ 12! ವರನ ಕಡೆಯ ಎರಡು ಶ್ರೀಮತಿ, ವಧುವಿನ ಕಡೆಯ ಎರಡು ಶ್ರೀಮತಿ ಪೂರ್ತಿ ಹೆಸರಿನೊಂದಿಗೆ ಸೇರಿದರೆ ಹೆಸರು ತುಂಬಿ ಚೆಲ್ಲುತ್ತದೆ. ಈಗ ಆರ್ಡರ್ ನಂಬರೇ ಫೈಲಿನ ಹೆಸರು.

ಖರ್ಚು ನೆನಪಿನಿಂದ ಹೇಳುತ್ತೇನೆ. ಡಿಸ್ಕಿಗೆ ಒಂಬತ್ತು ಸಾವಿರ ಚಿಲ್ಲರೆ, ಸ್ವಿಚ್ಚಿಗೆ ಹದಿನಾರು ನೂರು, ಯುಪಿಎಸ್ ಮೂರು ಸಾವಿರದ ಸುಮಾರು, ಕೇಬಲ್ ಎಳೆಸಿದ್ದು ಎರಡೂವರೆ ಸಾವಿರ. ಸರ್ವಿಸ್‌ನವನ ಒಂದು ಸಾವಿರ ದಂಡ. ಹದಿನೇಳು ಸಾವಿರ ಆಗಿರಬೇಕು. ಸರ್ವರ್ ಮೂಲೆಯಲ್ಲಿ ಬಿದ್ದಿದ್ದ ಹಳೇ ಮಷೀನೇ. ಎಂಟು ತಿಂಗಳಾಯಿತು, ಒಂದು ಫೈಲೂ ತಪ್ಪಿಲ್ಲ. ಬೆಳಿಗ್ಗೆ ಐದೂ ಮಷೀನನ್ನು ತಾನೇ ನೋಡಿ ನನ್ನ ಫೋನಿಗೆ ವರದಿ ಕಳಿಸುವ ಸ್ಕ್ರಿಪ್ಟ್ ಒಂದಿದೆ. ಅದನ್ನು ಇಲ್ಲಿ ಹಾಕುವುದಿಲ್ಲ. ಅಕ್ಕಪಕ್ಕದ ಎರಡು ಪ್ರೆಸ್‌ಗೆ ಇದೇ ವ್ಯವಸ್ಥೆ ಮಾಡಿಕೊಡುತ್ತಿದ್ದೇನೆ, ಹೊಟ್ಟೆಪಾಡು ನೋಡಿ.

ಬಗೆಹರಿಯದ್ದು ಒಂದೇ ಉಳಿದಿದೆ. ವೈಫೈನಲ್ಲಿರುವ ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದಮೇಲೆ ಶೇರ್ ಫೋಲ್ಡರ್ ಹತ್ತು ಹನ್ನೆರಡು ಸೆಕೆಂಡ್ ತೆರೆಯುವುದಿಲ್ಲ. ಹೆಂಡತಿ ಅದರ ಮುಚ್ಚಳ ತೆಗೆದಿಟ್ಟು, ಒಲೆ ಮೇಲಿನ ಹಾಲು ನೋಡಿ ಬರುತ್ತಾಳೆ. ಅಷ್ಟರಲ್ಲಿ ಫೋಲ್ಡರ್ ತೆರೆದಿರುತ್ತದೆ.