ಹಾಸನದ ಸಿನಿಮಾ ಥಿಯೇಟರ್‌ನಲ್ಲಿ ಸರ್ಕಸ್ ಗಿಟ್ಟಿಸಿದ್ದು: ನನ್ನ ಅನುಭವ

ಥಿಯೇಟರ್ ಒಳಗೆ ದೊಡ್ಡ ಸರ್ಕಸ್ ಗಿಟ್ಟಲ್ಲ ಅಂತ ನನಗೆ ಹೇಳದವರೇ ಇಲ್ಲ. ನಾಟಕ ಕಂಪನಿಗಳನ್ನು ಊರಿಗೆ ಕರೆಸುವ ಕ್ಯಾಂಪ್ ಕಂಟ್ರಾಕ್ಟರ್‌ಗಳು ಹೇಳಿದರು, ಟೆಂಟ್ ಸರ್ಕಸ್‌ನವರು ಹೇಳಿದರು, ನಮ್ಮ ಭಾವನೂ ಹೇಳಿದರು. ಹಾಸನದ ಬಿ.ಎಂ. ರಸ್ತೆ ಕಡೆಯ ಒಂದು ಹಳೇ ಸಿಂಗಲ್ ಸ್ಕ್ರೀನ್‌ನಲ್ಲಿ ಅದನ್ನೇ ಮಾಡಿ ಗಿಟ್ಟಿಸಿದ್ದೇನೆ. ಹೇಗೆ ಅಂತ ಕೇಳುವವರು ಜಾಸ್ತಿಯಾದ್ದರಿಂದ ಬರೆಯುತ್ತಿದ್ದೇನೆ. ಕಂಪನಿ ನಾಟಕ, ಸೀನ್ ಸೆಟ್ಟಿಂಗ್ ಗೊತ್ತಿರುವವರಿಗೆ ಬರೆದದ್ದು ಇದು.

ಎಲ್ಲರೂ ತೋರಿಸುತ್ತಿದ್ದ ಉದಾಹರಣೆ ಒಂದೇ. ಕೆನಡಾದ ಸರ್ಕ್ ಡು ಸೊಲೇ ಅನ್ನೋ ಸರ್ಕಸ್ ಕಂಪನಿ 2016ರಲ್ಲಿ ನ್ಯೂಯಾರ್ಕ್‌ನ ದೊಡ್ಡ ಥಿಯೇಟರ್‌ಗಳ ಬೀದಿ ಬ್ರಾಡ್‌ವೇಯಲ್ಲಿ 'ಪ್ಯಾರಾಮೂರ್' ಅಂತ ಒಂದು ಶೋ ಇಳಿಸಿತು. ಸುಮಾರು 2.5 ಕೋಟಿ ಡಾಲರ್ ಖರ್ಚು. 1,900 ಸೀಟಿನ ಲಿರಿಕ್ ಥಿಯೇಟರ್. 2017ರ ಏಪ್ರಿಲ್‌ಗೆ ಪರದೆ ಬಿತ್ತು. ಅದಕ್ಕೆ ಮುಂಚೆ 2010ರಲ್ಲೂ ಅದೇ ಊರಿನಲ್ಲಿ ಅವರಿಗೆ ಇನ್ನೊಂದು ಶೋ ಕೈ ಕಚ್ಚಿತ್ತು. "ಅಂಥವರಿಗೇ ಆಗಲಿಲ್ಲ, ನಿನ್ನಿಂದ ಏನಾಗುತ್ತೆ?" ಅಂದರು ಭಾವ.

ನಾನು ಆ ಲೆಕ್ಕವನ್ನೇ ಬಿಡಿಸಿ ನೋಡಿದೆ. ಅದೇ ಕಂಪನಿ ಲಾಸ್ ವೇಗಾಸ್‌ನಲ್ಲಿ 1998ರಿಂದ ಒಂದು ನೀರಿನ ಶೋ ನಡೆಸುತ್ತಿದೆ. 15 ಲಕ್ಷ ಗ್ಯಾಲನ್ ನೀರಿನ ಕೊಳ. ಆದರೆ ಆ ಹಾಲ್ ಕಟ್ಟಿದ್ದೇ ಆ ಶೋಗಾಗಿ. ಬ್ರಾಡ್‌ವೇಯಲ್ಲಿ ಹಾಗಲ್ಲ. ಹಾಲ್ ಇನ್ನೊಬ್ಬರದು, ಬಾಡಿಗೆ ಪ್ರತಿ ವಾರ, ಸೀಟು ಇರುವಷ್ಟೇ. ಅದೇ ಬ್ರಾಡ್‌ವೇಯಲ್ಲಿ 2013ರಲ್ಲಿ 'ಪಿಪ್ಪಿನ್' ಅನ್ನೋ ಹಳೇ ಸಂಗೀತ ನಾಟಕಕ್ಕೆ ಸರ್ಕಸ್ ಸೇರಿಸಿ ಆಡಿದರು. ಹಾಕಿದ ದುಡ್ಡು ವಾಪಸ್ ಬಂತು. ಅಲ್ಲಿ ಸರ್ಕಸ್ ನಾಟಕದ ಒಳಗಿತ್ತು. ನಮಗೇನು ಇದು ಹೊಸದಾ? ಗುಬ್ಬಿ ಕಂಪನಿಯವರು ಕುರುಕ್ಷೇತ್ರಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದು ಗಲ್ಲಾ ತುಂಬಿಸಿದ್ದರಲ್ಲ.

ಒಟ್ಟು ಹಾಕಿದ್ದು 38 ಲಕ್ಷದ ಹತ್ತಿರ. ಹೆಂಡತಿಯ ಒಡವೆ, ಎರಡು ಚೀಟಿ, ಅರಸೀಕೆರೆ ಕಡೆಯ ಒಬ್ಬ ಪಾಲುದಾರರ ದುಡ್ಡು. ಟ್ರಸ್ (ಆಟದವರ ಭಾರ ಹೊರುವ ಲೋಹದ ಚೌಕಟ್ಟು) ಮತ್ತು ಅವರನ್ನು ಮೇಲೆತ್ತುವ ಮೋಟಾರ್‌ಗೇ 14 ಲಕ್ಷ ಹೋಯಿತು.

ಹಳೇ ಸಿನಿಮಾ ಹಾಲ್‌ನ ಚಾವಣಿಯನ್ನು ನಂಬಬೇಡಿ. ಶೀಟ್ ಹೊರಲು ಮಾಡಿದ ಕಬ್ಬಿಣ ಅದು. 55 ಕೆಜಿ ಹುಡುಗಿ ಇಳಿಬಿಟ್ಟ ಉದ್ದನೆ ಬಟ್ಟೆ ಹಿಡಿದು ಮೇಲಿಂದ ಜರ್ರಂತ ಇಳಿದು ನಿಂತಾಗ ಆ ಎಳೆತ ಅವಳ ತೂಕದ ಮೂರು-ನಾಲ್ಕು ಪಟ್ಟು ದಾಟುತ್ತದೆ. ನಾನು ಚಾವಣಿಗೆ ಒಂದು ಕೊಕ್ಕೆಯನ್ನೂ ಹಾಕಲಿಲ್ಲ. ನೆಲದಿಂದಲೇ ನಾಲ್ಕು ಟ್ರಸ್ ಕಂಬ ಎಬ್ಬಿಸಿ, ಮೇಲೆ ಚೌಕ ಕೂರಿಸಿ, ಎಂಜಿನಿಯರ್ ಸಹಿ ಹಾಕಿಸಿದೆ. ಎತ್ತರ 26 ಅಡಿ ಸಿಕ್ಕಿತು. ಇಷ್ಟರಲ್ಲಿ ಫ್ಲೈಯಿಂಗ್ ಟ್ರಪೀಜ್, ಅಂದರೆ ಒಂದು ಜೋಕಾಲಿಯಿಂದ ಇನ್ನೊಂದಕ್ಕೆ ಹಾರುವ ಆಟ, ಕೂರಲ್ಲ. ಅದಕ್ಕೆ ಕೇರಳದಿಂದ ಮಾತಾಡಿಟ್ಟಿದ್ದ ತಂಡ ಅಳತೆ ನೋಡಿ ವಾಪಸ್ ಹೋಯಿತು. ಅಡ್ವಾನ್ಸ್ ಬರಲಿಲ್ಲ.

ಮೊದಲ ಶೋ ಆ ಕೆನಡಾದವರ ದಾರಿಯಲ್ಲೇ ಕಟ್ಟಿದೆವು. ಮಾತಿಲ್ಲ. ರೆಕಾರ್ಡ್ ಮಾಡಿದ ಸಂಗೀತ, ಹೊಗೆ, ಬಣ್ಣದ ಲೈಟು, 30 ಕಲಾವಿದರು. ನೋಡಲು ಚೆಂದವೇ ಇತ್ತು. ಅರ್ಧ ಗಂಟೆ ಆಗುವಷ್ಟರಲ್ಲಿ ಹಾಲ್ ತುಂಬ ಮೊಬೈಲ್ ಬೆಳಕು. ಮೂರನೇ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಮೊಮ್ಮಗನನ್ನು ಕೇಳುತ್ತಿದ್ದರು, "ಇವ್ರು ಯಾರೂ ಮಾತಾಡಲ್ವೇನೋ ಮಗಾ?" ದಿನದ ಖರ್ಚು 80 ಸಾವಿರ, ಬರುತ್ತಿದ್ದವರು 200 ಜನ. ಕಲೆಕ್ಷನ್ 30 ಸಾವಿರ. ಎರಡು-ಮೂರು ವಾರದಲ್ಲಿ ಎಂಟು ಲಕ್ಷ ಕರಗಿತು. ಪಾಲುದಾರರು ಫೋನ್ ಎತ್ತುವುದನ್ನೇ ಬಿಟ್ಟರು.

ಆಮೇಲೆ ಎಲ್ಲ ಬಿಚ್ಚಿ ಹೊಸದಾಗಿ ಕಟ್ಟಿದೆ. ಮನೆ ಅಳಿಯನ ಒಂದು ಹಾಸ್ಯ ನಾಟಕ ಮುಂದಿಟ್ಟೆ. ಕತೆ ನಾವೇ ಕೂತು ಹೆಣೆದದ್ದು. ಸರ್ಕಸ್ ಪೂರ್ತಿ ಅದರೊಳಗೆ. ಅಳಿಯ ಮಹಡಿ ಮೇಲಿನ ಹೆಂಡತಿಯನ್ನು ಕಾಣಲು ಹಗ್ಗ ಹತ್ತುತ್ತಾನೆ, ಮಾವ ಕೆಳಗೆ ಬಂದು ನಿಲ್ಲುತ್ತಾನೆ, ಇವನು ತಲೆಕೆಳಗಾಗಿ ನೇತಾಡುತ್ತಲೇ ಸಂಭಾಷಣೆ ಹೇಳಬೇಕು. ಈ ಹಗ್ಗದ ಆಟಕ್ಕೆ ಸರ್ಕಸ್‌ನವರೇ ಬೇಕಿಲ್ಲ. ಗದಗ, ಬಾಗಲಕೋಟೆ ಕಡೆಯ ಮಲ್ಲಕಂಬದ ಹುಡುಗರು ಬಂದರು. ಕಂಬಕ್ಕೂ ಸೈ, ಹಗ್ಗಕ್ಕೂ ಸೈ. ಎಲ್ಲರೂ 18 ದಾಟಿದವರು, ಆಧಾರ್ ನೋಡಿಯೇ ತಗೊಂಡೆ. ಸರ್ಕಸ್‌ನಲ್ಲಿ ಮಕ್ಕಳನ್ನು ದುಡಿಸಬಾರದು ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅವರ ಗುರುಗಳಿಗೆ ಬೇರೆ ಸಂಭಾವನೆ ಕೊಡಿ. ಅವರಿದ್ದರೆ ಹುಡುಗರು ಬೆಳಿಗ್ಗೆ ಐದಕ್ಕೇ ಏಳುತ್ತಾರೆ.

ಕಲಾವಿದರು 30ರಿಂದ 16ಕ್ಕೆ ಇಳಿದರು. ಮೋಟಾರ್ ಐದು ಲಕ್ಷಕ್ಕೆ ಮಾರಿದೆ. ಬದಲಿಗೆ ನಮ್ಮ ಕಂಪನಿ ನಾಟಕದ ಹಳೇ ವಿದ್ಯೆ: ಎರಡು ರಾಟೆ, ಒಂದು ಹಗ್ಗ, ವಿಂಗ್‌ನಲ್ಲಿ (ರಂಗದ ಪಕ್ಕದ ಮರೆಯಲ್ಲಿ) ಏಣಿಯ ಮೇಲೆ ಹಗ್ಗದ ಇನ್ನೊಂದು ತುದಿ ಕಟ್ಟಿಕೊಂಡ ಒಬ್ಬ ಆಳು. ಹುಡುಗಿ ರಂಗದ ನಡುವೆ ಸೊಂಟದ ಪಟ್ಟಿಗೆ ಕೊಕ್ಕೆ ಸಿಕ್ಕಿಸಿಕೊಂಡು ಹಿಮ್ಮಡಿ ಎತ್ತುತ್ತಾಳೆ. ಅದೇ ಅವನಿಗೆ ಸನ್ನೆ. ಅವನು ಒಂದು ಮೆಟ್ಟಿಲು ಇಳಿಯುತ್ತಾನೆ, ಅವಳು ಒಂದು ಅಡಿ ಏರುತ್ತಾಳೆ. ಅವನ ತೂಕ ಸ್ವಲ್ಪ ಜಾಸ್ತಿ ಇರಬೇಕು. ಕಮ್ಮಿ ಬಿದ್ದರೆ ಅವನ ಸೊಂಟಕ್ಕೆ ಮರಳಿನ ಚೀಲ. ಮೋಟಾರ್‌ನಲ್ಲಿ ಗರ್ರ್ ಅನ್ನೋ ಸದ್ದು ಬರುತ್ತಿತ್ತು, ಇದರಲ್ಲಿ ಉಸಿರಿನ ಸದ್ದೂ ಇಲ್ಲ. ಅವಳನ್ನು ಮೇಲೆಯೇ ನಿಲ್ಲಿಸಿ ಹಗ್ಗ ಬಿಗಿಯುವ ಗಂಟು ಒಂದಿದೆ. ಅದನ್ನು ಇಲ್ಲಿ ಬರೆಯಲ್ಲ, ಅದು ನಮ್ಮ ಅಪ್ಪ ಹೇಳಿಕೊಟ್ಟದ್ದು.

ಟೆಂಟ್‌ನಲ್ಲಿ ಜನ ಸುತ್ತ ಕೂರುತ್ತಾರೆ, ತಲೆ ಮೇಲೆ ಆಟ ನಡೆಯುತ್ತದೆ. ಥಿಯೇಟರ್‌ನಲ್ಲಿ ಎಲ್ಲವೂ ಎದುರಿಗೇ, ಸಿನಿಮಾ ನೋಡಿದ ಹಾಗೆ. ಎದೆ ಝಲ್ಲನ್ನಲ್ಲ. ಅದಕ್ಕೆ ಟ್ರಸ್‌ನ ಮುಂದಿನ ಎರಡು ಕಂಬವನ್ನು ಸೀಟುಗಳ ನಡುವಿನ ದಾರಿಗೆ ತಂದೆ. ಎಂಟನೇ ಸಾಲಿನ ಮೇಲೆ ಒಂದು ಹಗ್ಗ ಬಂತು. ಅದರ ಕೆಳಗಿನ ಎರಡು ಸಾಲು ಪೂರ್ತಿ ಖಾಲಿ ಬಿಟ್ಟು ಬಲೆ ಕಟ್ಟಿದೆ. ಕಂಬಕ್ಕೆ ಮರೆಯಾಗುವ ಸೀಟೂ ಸೇರಿ 700ರಲ್ಲಿ ನೂರರಷ್ಟು ಹೋಯಿತು. ಹೊಟ್ಟೆ ಉರಿಯುವ ಮಾತೇ. ಆದರೆ ಉಳಿದ ಸೀಟು ಮಾರಿದ್ದೇ ಆ ಹಗ್ಗ. ಬಾಲ್ಕನಿಯಲ್ಲಿ ಕೂತವರಿಗೆ ಹುಡುಗ ಮುಖಕ್ಕೆ ಮುಖ ಸಿಗುತ್ತಾನೆ. ಮೊದಲು ಖಾಲಿ ಹೊಡೆಯುತ್ತಿದ್ದ 250 ರೂಪಾಯಿಯ ಬಾಲ್ಕನಿ ಈಗ ಮೊದಲು ಮುಗಿಯುತ್ತದೆ.

ಟಿಕೆಟ್ 100, 150, 250 ಇಟ್ಟಿದ್ದೇನೆ. ಸರ್ಕಸ್, ನಾಟಕದ ಟಿಕೆಟ್ 500 ರೂಪಾಯಿ ದಾಟದಿದ್ದರೆ ಜಿಎಸ್‌ಟಿ ಇಲ್ಲ. ಸಿನಿಮಾಗೆ ಈ ಅನುಕೂಲ ಇಲ್ಲ. ಆಡಿಟರ್‌ಗೂ ಮೊದಲು ಇದು ಹೊಳೆದಿರಲಿಲ್ಲ, ನಾನೇ ಹುಡುಕಿ ತೋರಿಸಿದೆ.

ಹೊತ್ತಿನ ವಿಷಯ. ರಾತ್ರಿ 9.30ರ ಶೋ ಒಂದು ವಾರವೂ ನಡೆಯಲಿಲ್ಲ. ಬೇಲೂರು, ಅರಕಲಗೂಡು, ಹೊಳೆನರಸೀಪುರದ ಕಡೆಯವರಿಗೆ ಬಸ್ ಚಿಂತೆ. ಸಂಜೆ 6.15ಕ್ಕೆ ಶುರು, 8.15ಕ್ಕೆ ಮುಗಿಸಲೇಬೇಕು. ಮಳೆಗಾಲವನ್ನು ಎಲ್ಲರೂ ಬೈಯುತ್ತಾರೆ, ನನಗೆ ಅದೇ ಸುಗ್ಗಿ. ಜೂನ್, ಜುಲೈನಲ್ಲಿ ನಮ್ಮ ಕಡೆ ಯಾವ ಟೆಂಟೂ ಏಳಲ್ಲ. ತಲೆ ಮೇಲೆ ಸೂರಿರುವ ಸರ್ಕಸ್ ನನ್ನದೊಂದೇ.

"ಆನೆ ಇದ್ಯಾ ಸಾರ್?" ಅಂತ ಕೌಂಟರ್‌ನಲ್ಲಿ ಈಗಲೂ ಕೇಳುತ್ತಾರೆ. ಹುಲಿ, ಸಿಂಹ, ಚಿರತೆ, ಕರಡಿ, ಕೋತಿ ಆಡಿಸುವುದು 1998ರ ಆದೇಶದಲ್ಲೇ ನಿಂತಿತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನಾನು ಯಾವ ಪ್ರಾಣಿಯನ್ನೂ ತರಲ್ಲ. ಇಬ್ಬರು ಹುಡುಗರು ಒಳಗೆ ಸೇರಿ ಆಡುವ ಬೆತ್ತದ ಆನೆ ಒಂದಿದೆ. ಮಕ್ಕಳು ಶೋ ಮುಗಿದ ಮೇಲೆ ಅದರ ಸೊಂಡಿಲು ಮುಟ್ಟಲು ಸಾಲು ನಿಲ್ಲುತ್ತವೆ. ಫೋಟೋಗೆ 20 ರೂಪಾಯಿ. ದಿನಕ್ಕೆ ಡೀಸೆಲ್ ಖರ್ಚು ಅದರಲ್ಲೇ ಹುಟ್ಟುತ್ತದೆ.

ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ರಂಗದ ಮೇಲೆ ಪೈಪಿನಿಂದ ಮಳೆ ಸುರಿಸಿದೆ. ಚಪ್ಪಾಳೆ ಬಿತ್ತು, ಆದರೆ ಹಲಗೆ ನೆಂದು ಮಾರನೇ ದಿನ ಕಾಲು ಜಾರುತ್ತಿತ್ತು. ನಿಲ್ಲಿಸಿದೆ. ಚಿಕ್ಕಮಗಳೂರಿನಲ್ಲಿ ಪ್ರವಾಸಿಗರಿಗೆ ಅಂತ ಶನಿವಾರ-ಭಾನುವಾರ ಒಂದು ಹಾಲ್‌ನಲ್ಲಿ ಆಡಿದೆ. ಮುಳ್ಳಯ್ಯನಗಿರಿ ಸುತ್ತಿ ಬಂದವರು ಹೋಂಸ್ಟೇ ಸೇರಿಬಿಡುತ್ತಾರೆ, ಪೇಟೆಗೆ ಇಳಿಯಲ್ಲ. ಬಂದವರೆಲ್ಲ ಊರಿನವರೇ. ಊರಿನವರಿಗಾಗಿಯೇ ಹೋಗುವುದಾದರೆ ಕಾಫಿ ಕೊಯ್ಲಿನ ದುಡ್ಡು ಕೈಗೆ ಬಂದ ಮೇಲೆ, ಮಾರ್ಚ್ ಸುಮಾರಿಗೆ ಹೋಗಬೇಕು.

ಈಗಿನ ಲೆಕ್ಕ ಹೀಗಿದೆ. ದಿನದ ಖರ್ಚು ಸುಮಾರು 45 ಸಾವಿರ. 600 ಸೀಟಿನಲ್ಲಿ 300 ತುಂಬಿದರೆ ಅಸಲು. ಈ ಅರ್ಧ ಹೌಸ್ ಲೆಕ್ಕ ಕೂರದ ಶೋಗೆ ನಾನು ಇನ್ನು ಕೈ ಹಾಕಲ್ಲ, ಎಷ್ಟೇ ಚೆಂದ ಇರಲಿ. ವಾರದ ದಿನ 220, 230 ಜನ ಬರುತ್ತಾರೆ, ಸ್ವಲ್ಪ ಹೋಗುತ್ತದೆ. ಶನಿವಾರ-ಭಾನುವಾರ ಎರಡೆರಡು ಶೋ ಅದನ್ನು ಎಳೆದು ತರುತ್ತವೆ. ವಾರಕ್ಕೆ 80, 90 ಸಾವಿರ ಉಳಿಯುತ್ತದೆ. ಹಾಸನಾಂಬ ದರ್ಶನದ ಹೊತ್ತಿಗೆ ಮೂರು ಶೋ ಹಾಕಿದೆ. ದರ್ಶನ ಮುಗಿಸಿ ಬಂದವರಿಗೆ ಬಸ್‌ಗೆ ಮುಂಚೆ ಎರಡು ಗಂಟೆ ಕೂರಲು ಜಾಗ ಬೇಕು, ಅಲ್ವಾ? ಅದೊಂದರಲ್ಲೇ 12–13 ಲಕ್ಷ ಕೈಗೆ ಸಿಕ್ಕಿತು. ಮೊದಲ ನಷ್ಟವನ್ನೂ ಸೇರಿಸಿ ನೋಡಿದರೆ ಹಾಕಿದ್ದರಲ್ಲಿ ಮುಕ್ಕಾಲು ಭಾಗ ಬಂದಿದೆ, ಟ್ರಸ್ ಮತ್ತು ಲೈಟು ನನ್ನ ಹತ್ತಿರವೇ ಇವೆ. ಪಾಲುದಾರರು ಈಗ ಅವರೇ ಫೋನ್ ಮಾಡುತ್ತಾರೆ. ಭಾವ ತುಮಕೂರಿನಲ್ಲಿ ಹಾಲ್ ನೋಡಿಕೊಂಡು ಬಂದಿದ್ದಾರೆ.

ಬೇರೆ ಊರಿನಲ್ಲಿ ಮಾಡುವವರು ಕೇಳಿದರೆ ಟ್ರಸ್ ಬಾಡಿಗೆಗೆ ಕೊಡುತ್ತೇನೆ. ಆದರೆ ಏಣಿ ಮೇಲೆ ನಿಲ್ಲುವ ಆಳು ನನ್ನವನೇ ಬರಬೇಕು. ಅವನ ಸಂಬಳ, ಊಟ ನಿಮ್ಮದು.