ಬದುಕಿನ ಗುರಿ ಹುಡುಕಲು 28 ದಿನದ ಲೆಕ್ಕ

80 ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು, 28 ರಾತ್ರಿ. ಶುರುವಿಗೆ ಇಷ್ಟು ಸಾಕು. ಬೆಟ್ಟ ಹತ್ತಿ ಕಣ್ಣು ಮುಚ್ಚಿ ಕೂತರೆ ಗುರಿ ಹೊಳೆಯುತ್ತದೆ ಎಂದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರಿದ್ದಾರೆ. ಕಾಲಿಗೆ ಒಳ್ಳೆಯದು, ಹತ್ತಲಿ. ಆದರೆ ನಿಮಗೆ ನಿಜವಾಗಿ ಏನು ಬೇಕು ಎಂಬುದು ನಿಮ್ಮ ಹೊತ್ತು ಮತ್ತು ದುಡ್ಡು ಹೋಗುವ ದಾರಿಯಲ್ಲೇ ಬಿದ್ದಿರುತ್ತದೆ. ಲೆಕ್ಕ ಬರೆದರೆ ಕಾಣುತ್ತದೆ.

ರಾತ್ರಿ ಊಟ ಆದಮೇಲೆ ಹತ್ತು ನಿಮಿಷ ಕೂತು ಬರೆಯಿರಿ. ಎಡ ಪುಟದಲ್ಲಿ ಆ ದಿನದ ಹೊತ್ತು, ಅರ್ಧರ್ಧ ಗಂಟೆಯ ಲೆಕ್ಕದಲ್ಲಿ. ಬಲ ಪುಟದಲ್ಲಿ ಖರ್ಚು, ಟೀ-ಬೋಂಡಾವರೆಗೂ. ಪ್ರತಿ ಸಾಲಿನ ಮುಂದೆ ಒಂದು ಅಕ್ಷರ ಹಾಕಿ. ಹೊಟ್ಟೆಪಾಡಿಗೆ ಮಾಡಿದ್ದಕ್ಕೆ ‘ಹೊ’, ನಾಲ್ಕು ಜನ ಏನಂದಾರು ಎಂದು ಮಾಡಿದ್ದಕ್ಕೆ ‘ಜ’, ಯಾರೂ ನೋಡದಿದ್ದರೂ ಮಾಡುತ್ತಿದ್ದುದಕ್ಕೆ ‘ನ’. ‘ಜ’ನೋ ‘ನ’ನೋ ಗೊತ್ತಾಗದಿದ್ದರೆ ಒಂದೇ ಪ್ರಶ್ನೆ: ಇದನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವ ಹಾಗಿಲ್ಲ ಅಂದಿದ್ದರೂ ಮಾಡುತ್ತಿದ್ದೆನಾ?

ಇಲ್ಲಿ ಎರಡು ಕಡೆ ಎಡವುತ್ತಾರೆ. ಮೂರು ದಿನ ಬಿಟ್ಟು ಭಾನುವಾರ ಒಟ್ಟಿಗೆ ಬರೆದರೆ ನೆನಪು ಚೆನ್ನಾಗಿರುವುದನ್ನೇ ಆರಿಸಿ ಕೊಡುತ್ತದೆ. ಮೊಬೈಲ್ ನೋಡುತ್ತಾ ಕಳೆದ ಎರಡು ಗಂಟೆ ಮಾಯವಾಗಿರುತ್ತದೆ. ಇನ್ನೊಂದು, ಪುಸ್ತಕವನ್ನು ಮನೆಯವರಿಗೆ ತೋರಿಸುವುದು. ಒಂದು ಸಲ ತೋರಿಸಿದಿರೋ, ಮಾರನೆಯ ದಿನದಿಂದ ತೋರಿಸುವುದಕ್ಕೇ ಬರೆಯುತ್ತೀರಿ. ಬೀರುವಿನಲ್ಲಿ ಬಟ್ಟೆ ಅಡಿಗೆ ಇಟ್ಟುಬಿಡಿ.

29ನೇ ದಿನ ‘ನ’ ಸಾಲುಗಳನ್ನು ಮಾತ್ರ ಒಂದು ಹಾಳೆಗೆ ಇಳಿಸಿ. ಕಡಿಮೆ ಇದ್ದರೆ ಗಾಬರಿ ಬೇಡ, ಎರಡು ಹೊತ್ತಿನ ಊಟಕ್ಕೆ ದುಡಿಯುವವರಿಗೆ ಅದು ಸಹಜ. ನಾಲ್ಕು ಸಲಕ್ಕಿಂತ ಹೆಚ್ಚು, ಯಾರೂ ಹೇಳದೆ ಬಂದದ್ದು ಯಾವುದು ನೋಡಿ. ಪಕ್ಕದ ಮನೆಯವರ ಪಂಪ್‌ಸೆಟ್ ಸ್ಟಾರ್ಟರ್ ಬಿಚ್ಚಿ ಸರಿಮಾಡಿದ್ದೋ, ನಾದಿನಿ ಮಗಳಿಗೆ ಭಿನ್ನರಾಶಿ ಲೆಕ್ಕ ಹೇಳಿಕೊಟ್ಟದ್ದೋ ಇರಬಹುದು. ಸಣ್ಣದು ಎಂದು ಹೊಡೆದುಹಾಕಬೇಡಿ.

ಏನೂ ಕಾಣದಿದ್ದರೆ ಇನ್ನೊಂದು ಕಡೆಯಿಂದ ಬನ್ನಿ: ನಿಮಗೆ ಸಿಗದೇ ಹೋದದ್ದು ಏನು? ಮೈಸೂರಿನ ರಾಜೀವನಗರದ ಸೈಯದ್ ಇಸಾಕ್ ಕೂಲಿ ಮಾಡುವವರು, ಶಾಲೆ ಕಲಿಯಲು ಆಗದವರು. ಅವರು 2011ರಲ್ಲಿ ತೆರೆದದ್ದು ಸಾರ್ವಜನಿಕ ಗ್ರಂಥಾಲಯ. 2021ರ ಏಪ್ರಿಲ್‌ನಲ್ಲಿ ಅದಕ್ಕೆ ಬೆಂಕಿ ಬಿದ್ದು ಸುಮಾರು 11 ಸಾವಿರ ಪುಸ್ತಕ ಸುಟ್ಟುಹೋದಾಗಲೂ ಮತ್ತೆ ಕಟ್ಟುತ್ತೇನೆ ಅಂದರು. ಹೊಗಳಿಕೆಗೆ ಮಾಡಿದ ಕೆಲಸವಾಗಿದ್ದರೆ ಬೂದಿ ನೋಡಿದ ದಿನವೇ ಮುಗಿಯುತ್ತಿತ್ತು.

ಈಗ ಬಲ ಪುಟಕ್ಕೆ ಬನ್ನಿ. ‘ಜ’ ಖರ್ಚಿನಲ್ಲಿ ಎಲ್ಲವನ್ನೂ ಒಟ್ಟಿಗೆ ಕತ್ತರಿಸಲು ಹೋದವರು ಊರಿಗೆ ಹೊರಗಾಗುತ್ತಾರೆ. ಮುಯ್ಯಿಗೆ ಕೈ ಹಾಕಬೇಡಿ. ಅದು ಆಡಂಬರ ಅಲ್ಲ, ಅವರು ನಿಮ್ಮ ಮನೆಯ ಮದುವೆಗೆ ಹಾಕಿದ್ದು ವಾಪಸ್ ಹೋಗುತ್ತಿರುವುದು. ಬೀಗರೂಟದ ಕುರಿ ಲೆಕ್ಕ ನಿಮ್ಮೊಬ್ಬರ ಕೈಯಲ್ಲಿಲ್ಲ, ಮನೆಯವರೆಲ್ಲ ಕೂತು ಮಾತಾಡಬೇಕು. ಮೊದಲು ಬಿಡಬೇಕಾದ್ದು ಹುಟ್ಟುಹಬ್ಬದ ಫ್ಲೆಕ್ಸಿನ ಪಾಲು. “ಅಣ್ಣಾ, ಫ್ಲೆಕ್ಸ್‌ಗೆ ನಂದು ಈ ಸಲ ಇಲ್ಲ. ಕೆಲ್ಸ ಏನಾದ್ರೂ ಇದ್ರೆ ಕರೀರಿ, ಬತ್ತೀನಿ” ಅಂದು ಸುಮ್ಮನಾಗಿ. ಕಾರಣ ಕೊಡಲು ಹೋದರೆ ಅದರ ಮೇಲೆ ಜಗಳ ಶುರುವಾಗುತ್ತದೆ. ಹಾಗೆಯೇ, ನಾನು ಇರೋದೇ ಹೀಗೆ ಅಂತ ಮಾವನ ಎದುರು ಒರಟು ಮಾತಾಡುವುದಕ್ಕೂ ಪ್ರಾಮಾಣಿಕ ಬದುಕಿಗೂ ಸಂಬಂಧವಿಲ್ಲ.

ಮಂಡ್ಯದ ಕಡೆಯವರಿಗೆ ಇದನ್ನು ಬೆಲ್ಲದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಕಬ್ಬಿನ ಹಾಲು ಕಾಯಿಸಿದ ಬೆಲ್ಲ ಕಂದು ಬಣ್ಣಕ್ಕೆ ಬರುವುದು ಸಹಜ. ಹಳದಿಯಾಗಿ ಹೊಳೆದರೆ ಜನ ಮುಗಿಬೀಳುತ್ತಾರೆಂದು ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಹಾಕುವವರಿದ್ದಾರೆ. ಬಣ್ಣ ಬರುತ್ತದೆ, ತಿನ್ನುವವರ ಹೊಟ್ಟೆಗೆ ರಾಸಾಯನಿಕವೂ ಹೋಗುತ್ತದೆ. ಕಂದು ಬೆಲ್ಲ ಮಾರುವವನಿಗೆ ಮೊದಮೊದಲು ಗಿರಾಕಿ ಕಡಿಮೆ. ಆ ಕಷ್ಟವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಇಳಿಯಿರಿ. ಕೆಲವು ತಿಂಗಳು ಯಾರೂ ಭೇಷ್ ಅನ್ನುವುದಿಲ್ಲ.

ಇನ್ನು ಬೇರೆಯವರಿಗೆ ಸ್ಫೂರ್ತಿಯಾಗುವ ಮಾತು. ಭಾಷಣದಿಂದ ಅದು ಆಗುವುದು ಅಪರೂಪ. ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರು ಕುರಿ ಮೇಯಿಸುತ್ತಿದ್ದವರು. ಬೆಟ್ಟದಲ್ಲಿ ಪ್ರಾಣಿಪಕ್ಷಿಗಳಿಗೆ ನೀರಿಲ್ಲ ಎಂದು ಕಟ್ಟೆ ತೋಡತೊಡಗಿದರು. 2020ರ ಹೊತ್ತಿಗೆ 16 ಕಟ್ಟೆಗಳಾಗಿ ದೇಶವೆಲ್ಲ ಅವರ ಹೆಸರು ಹೇಳಿತು. 2022ರಲ್ಲಿ ಅವರು ತೀರಿಕೊಂಡರು. ನಿಮ್ಮ ಕೆಲಸವೂ ಹೀಗೆ ಕಣ್ಣಿಗೆ ಕಾಣುವ ಜಾಗದಲ್ಲಿ, ಗೊತ್ತಾದ ಹೊತ್ತಿಗೆ ನಡೆಯಲಿ. ಅಷ್ಟಾದರೆ ನಾಲ್ಕು ಜನ ತಾವಾಗಿ ಬಂದು ನಿಲ್ಲುತ್ತಾರೆ.

ಬಂದವರಿಗೆ ಕಲಿಸಲು ಭಾನುವಾರ ಬೆಳಿಗ್ಗೆ 7ರಿಂದ 8 ಒಳ್ಳೆಯ ಹೊತ್ತು. ಮೂರರಿಂದ ಐದು ಜನ ಸಾಕು. ಹತ್ತಾದರೆ ಹಿಂದಿನವರು ನೋಡುತ್ತಾ ನಿಲ್ಲುತ್ತಾರೆ, ಕೈಗೆ ಕೆಲಸ ಸಿಗುವುದಿಲ್ಲ. ಅರಳಿಕಟ್ಟೆಯಾದರೆ ಯಾರನ್ನೂ ಕೇಳಬೇಕಿಲ್ಲ. ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಊರಿನ ಗ್ರಂಥಾಲಯ, ಬೇಕೆಂದರೆ ಪಿಡಿಒಗೆ ಒಂದು ಪುಟದ ಅರ್ಜಿ ಕೊಟ್ಟು, ದಿನ, ಹೊತ್ತು, ಜನ ಎಷ್ಟು ಎಂದು ಬರೆದು, ಸ್ವೀಕೃತಿ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ನಾಲೆಗೆ ನೀರು ಬಿಟ್ಟು ನಾಟಿ ನಡೆಯುವ ವಾರಗಳಲ್ಲಿ ಮತ್ತು ದಸರಾ ರಜೆಯಲ್ಲಿ ಶುರು ಮಾಡಬೇಡಿ, ಎರಡನೇ ವಾರಕ್ಕೇ ಜಾಗ ಖಾಲಿಯಾಗುತ್ತದೆ.

ಒಂದು ಗಂಟೆಯಲ್ಲಿ ನಿಮ್ಮ ಮಾತು ಹತ್ತು ನಿಮಿಷ ದಾಟಬಾರದು. ನಲವತ್ತು ನಿಮಿಷ ಅವರ ಕೈ ಕೆಲಸ ಮಾಡಲಿ, ಕೊನೆಯ ಹತ್ತು ನಿಮಿಷ ಯಾವುದು ಕೆಟ್ಟಿತು, ಯಾಕೆ ಎಂಬ ಮಾತಿಗೆ. ಆಲೆಮನೆಯವರು ಹುಡುಗರಿಗೆ ಹದ ಕಲಿಸುವುದು ಹೀಗೆಯೇ. ಕೊಪ್ಪರಿಗೆಯ ಪಾಕ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿಸಬೇಕು. ಉಂಡೆ ಕಟ್ಟದಿದ್ದರೆ ಇನ್ನೂ ಹೊತ್ತಿದೆ. ಬೇಗ ಇಳಿಸಿದರೆ ಅಚ್ಚಿನಲ್ಲಿ ಜಿನುಗುತ್ತದೆ, ತಡವಾದರೆ ಸೀದು ಕಪ್ಪಾಗುತ್ತದೆ. ಜಿನುಗಿದ ಅಚ್ಚನ್ನೂ ಸೀದ ಅಚ್ಚನ್ನೂ ಪಕ್ಕಪಕ್ಕ ಇಟ್ಟು ತೋರಿಸಿದವನು ಚೆನ್ನಾಗಿ ಕಲಿಸುತ್ತಾನೆ. ನೀವು ಕೆಡಿಸಿದ್ದನ್ನೂ ಮುಚ್ಚಿಡಬೇಡಿ, ಕಲಿಯುವವರಿಗೆ ಧೈರ್ಯ ಬರುವುದೇ ಅದನ್ನು ನೋಡಿ.

ಫೀಸು ಬೇಡ. ಸಾಮಾನಿಗೆ ತಲಾ ಹತ್ತು ರೂಪಾಯಿ ತೆಗೆದುಕೊಂಡರೆ ಬೇರೆ ಪುಸ್ತಕದಲ್ಲಿ ಬರೆದು, ಬಂದವರ ಕೈಯಲ್ಲೇ ಕೂಡಿಸಿ. ಫೋಟೋ ಮೊದಲ ಆರು ವಾರ ಬೇಡವೇ ಬೇಡ: ಫೋನ್ ಎತ್ತಿದ ಕ್ಷಣ ಎಲ್ಲರೂ ಕೆಲಸ ಬಿಟ್ಟು ಮುಖ ಸರಿಮಾಡಿಕೊಳ್ಳುತ್ತಾರೆ, ನೀವೂ ಸೇರಿ. ಮೂರನೇ ವಾರ ಜನ ಉದುರುತ್ತಾರೆ, ಹೊಸದರ ರುಚಿ ಇಳಿದಿರುತ್ತದೆ. ಫೋನ್ ಮಾಡಿ ಕರೆಯಬೇಡಿ; ಒಬ್ಬನೇ ಬಂದರೂ ಪೂರ್ತಿ ಒಂದು ಗಂಟೆ ನಡೆಸಿ. ಯಾರೂ ಬಾರದಿದ್ದರೆ ಆ ಕೆಲಸವನ್ನು ನೀವೇ ಕೂತು ಮಾಡಿ, ನೋಟ್‌ಬುಕ್ಕಿನಲ್ಲಿ ‘ನ’ ಬರೆದುಕೊಳ್ಳಿ.

12 ವಾರ ಕಳೆದ ಮೇಲೆ ಒಂದು ಭಾನುವಾರ ಬೇಕೆಂದೇ ಹೋಗಬೇಡಿ. ಸೋಮವಾರ ವಿಚಾರಿಸಿ: ನಡೆಯಿತಾ, ಯಾರು ನಡೆಸಿದರು? ನಡೆದಿದ್ದರೆ ಬೀಗದ ಕೈ ಅವರಿಗೇ ಕೊಟ್ಟುಬಿಡಿ. ನಡೆಯದಿದ್ದರೆ ಹತ್ತು ನಿಮಿಷದ ಮಾತು ಎಲ್ಲೋ ಅರ್ಧ ಗಂಟೆಯಾಗಿದೆ. ಮುಂದಿನ ವಾರ ಗಡಿಯಾರ ಎದುರಿಗಿಟ್ಟುಕೊಂಡು ಕೂರಿ.